ಒಂದೇ ಚಾಪೆಯ ಮೇಲೆ ನಾಲ್ಕು ಕೈ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಯಲಬುರ್ಗಾ ಕಡೆಯ ಮಂಗಳೂರಿನಿಂದ ನನಗೆ ಫೋನ್ ಬಂತು. ಮಂಗಳೂರು ಎಂದ ಕೂಡಲೇ ಕೆಲವರು ಸಮುದ್ರ, ಮೀನು ಎಂದು ಶುರು ಮಾಡುತ್ತಾರೆ. ನಮ್ಮ ಮಂಗಳೂರಿನಲ್ಲಿ ಸಮುದ್ರವಿಲ್ಲ, ಜೋಳದ ಹೊಲವಿದೆ. ಅಲ್ಲಿಯ ಶಾಂತವ್ವ ತನ್ನ ಮಗಳಿಗೆ ಕುಬಸ ಇಟ್ಟುಕೊಂಡಿದ್ದಳು. ಚೊಚ್ಚಲ ಬಸಿರಿಗೆ ಹಸಿರು ಬಳೆ ತೊಡಿಸಿ, ಸೀರೆ ಉಡಿಸಿ, ಆರತಿ ಮಾಡುವ ಶಾಸ್ತ್ರ ಅದು. ಬಳೆ ಇಲ್ಲದೆ ಕುಬಸವಿಲ್ಲ, ನಾನಿಲ್ಲದೆ ಆ ಓಣಿಯಲ್ಲಿ ಬಳೆ ಇಲ್ಲ.

ನನ್ನ ಹೆಸರು ಮಾಬೂಬಿ. ಮನೆ ಕುಷ್ಟಗಿಯಲ್ಲಿ. ಅತ್ತೆಯ ಕಾಲದಿಂದ ನಮ್ಮದು ಬಳೆ ವ್ಯಾಪಾರ. ಎರಡು ಚೀಲ ಹೊತ್ತು ಬಸ್ಸು ಹತ್ತಿದರೆ ಒಂದು ವಾರ ಯಲಬುರ್ಗಾ ಕಡೆ, ಒಂದು ವಾರ ಗಂಗಾವತಿ ಕಡೆ. ಇಪ್ಪತ್ತಾರು ವರ್ಷದಿಂದ ಹೆಣ್ಣುಮಕ್ಕಳ ಕೈ ಹಿಡಿಯುತ್ತಿದ್ದೇನೆ. ಮುಖ ಮರೆತೇನು, ಕೈ ಮರೆಯುವುದಿಲ್ಲ. ಯಾರ ಕೈ ಮೆತ್ತಗೆ, ಯಾರ ಗೆಣ್ಣು ಗಟ್ಟಿ, ಯಾರಿಗೆ ಯಾವ ಅಳತೆ ಎಂಬುದೆಲ್ಲ ನನಗೆ ಬಾಯಿಪಾಠ. ಜೊತೆಗೆ ಒಂದು ಕೆಟ್ಟ ಚಟವೂ ಇತ್ತು. ಕೈ ಹಿಡಿದ ಮೇಲೆ ಔಷಧ ಹೇಳದೆ ಬಿಡುತ್ತಿರಲಿಲ್ಲ. ಕೇಳಲಿ, ಬಿಡಲಿ, ಹರಳೆಣ್ಣೆ ಹಚ್ಚು, ಉಪ್ಪುನೀರಿನಲ್ಲಿ ಅದ್ದು ಎಂದು ಹೇಳುತ್ತಲೇ ಇರುತ್ತಿದ್ದೆ. "ನೀ ಬಳಿ ಮಾರಾಕ ಹೋಗತೀಯೋ, ದವಾಖಾನಿ ನಡಸಾಕ ಹೋಗತೀಯೋ?" ಎಂದು ನನ್ನ ಗಂಡ ಕಾಡುತ್ತಿದ್ದರು.

ಗಂಗಾವತಿ ಹತ್ತಿರದ ಒಂದು ಕಾಲುವೆ ಹಳ್ಳಿಯಲ್ಲಿ ರೇಣವ್ವ ಎಂಬ ಗಿರಾಕಿ ಇದ್ದಳು. ಬತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಕೂಲಿ ಅವಳದು. ಅವಳ ನಾಲ್ಕೈದು ಬೆರಳಿನ ಉಗುರಿನ ಬುಡದಲ್ಲಿ ಅಕ್ಕಿ ಕಾಳಿನಷ್ಟು ದಪ್ಪದ ಮಾಂಸದ ಗಂಟು ಎದ್ದಿದ್ದವು. ಮೊದಲ ಸಲ ನೋಡಿದಾಗಲೇ ನಾನು ತೀರ್ಪು ಕೊಟ್ಟುಬಿಟ್ಟಿದ್ದೆ. "ಕೆಸರಿನ್ಯಾಗ ನಿಂದ್ರತಿ, ಅದಕ್ಕ ಉಗುರು ಕೆಟ್ಟಾವು. ಅರಿಷಿಣ ಹಚ್ಚು." ಆ ಕಡೆ ಎಲ್ಲರೂ ಹಾಗೆಯೇ ಅನ್ನುತ್ತಾರೆ. ನಾಟಿಯ ಹಂಗಾಮಿನಲ್ಲಿ ಅರ್ಧ ಊರಿನ ಹೆಂಗಸರ ಉಗುರು ಹುಣ್ಣಾಗಿರುತ್ತವೆ. ಅವರ ನಡುವೆ ರೇಣವ್ವನ ಉಗುರನ್ನು ಬೇರೆ ಮಾಡಿ ಯಾರು ನೋಡುತ್ತಾರೆ?

ಮಂಗಳೂರಿನ ಶಾಂತವ್ವನ ಉಗುರಿನ ಬುಡದಲ್ಲೂ ಅಂಥವೇ ಗಂಟು ಇದ್ದವು. ಅವಳು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರ್ ಹೊಲಿಯುವವಳು. "ಸೂಜಿ ಚುಚ್ಚಿ ಚುಚ್ಚಿ ಹಿಂಗ ಆಗೇತಿ" ಎಂದು ಅವಳಿಗೆ ಹೇಳಿದ್ದೆ. ಒಂದೇ ಗಂಟಿಗೆ ಗಂಗಾವತಿಯಲ್ಲಿ ಕೆಸರು ಕಾರಣ, ಮಂಗಳೂರಿನಲ್ಲಿ ಸೂಜಿ ಕಾರಣ! ಎಂಟು ವರ್ಷ ಹೀಗೆ ಎರಡೂ ಕಡೆ ಪಂಡಿತಳಂತೆ ಮೆರೆದೆ. ಇಬ್ಬರಿಗೂ ಸಂಬಂಧವಿದೆ ಎಂಬುದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ.

ಕುಬಸದ ದಿನ ಚಾಪೆ ಹಾಸಿ ಕುಳಿತೆ. ಮೊದಲು ಬಸುರಿ ಹುಡುಗಿಗೆ ಬಳೆ ತೊಡಿಸಿದೆ. ಆಮೇಲೆ ಅವಳ ತಾಯಿ ಶಾಂತವ್ವ ಬಂದು ಕುಳಿತಳು. ಅವಳ ಪಕ್ಕದಲ್ಲಿ ನಗುತ್ತ ಬಂದು ಕುಳಿತವಳನ್ನು ನೋಡಿ ನನಗೆ ಆಶ್ಚರ್ಯವಾಯಿತು.

"ಯವ್ವಾ ರೇಣವ್ವಾ, ನೀ ಇಲ್ಲಿ ಹೆಂಗ?"

"ಶಾಂತವ್ವ ನಮ್ಮಕ್ಕ ಆಗಬೇಕ್ರಿ ಮಾಬೂಬಿ. ಒಂದ ಹೊಟ್ಟಿಯಾಗ ಹುಟ್ಟಿದವರು ನಾವು."

ಇಬ್ಬರೂ ಕೈ ಮುಂದೆ ಇಟ್ಟರು. ಒಂದೇ ಚಾಪೆಯ ಮೇಲೆ ನಾಲ್ಕು ಕೈ. ಅದೇ ಗಂಟು, ಉಗುರಿನ ಅದೇ ಬುಡದಲ್ಲಿ, ಅದೇ ಬಣ್ಣ. ಶಾಂತವ್ವ ಹುಟ್ಟಿದಾಗಿನಿಂದ ಗದ್ದೆಗೆ ಕಾಲಿಟ್ಟವಳಲ್ಲ. ರೇಣವ್ವ ಹೊಲಿಗೆ ಯಂತ್ರ ಮುಟ್ಟಿದವಳಲ್ಲ. ತಲೆ ಎತ್ತಿ ಇಬ್ಬರ ಮುಖ ನೋಡಿದೆ. ಮೂಗಿನ ಎರಡೂ ಬದಿ, ಕೆನ್ನೆಯ ಮೇಲೆ ಸಣ್ಣ ಸಣ್ಣ ಕೆಂಪು ಗುಳ್ಳೆ. ಮೊಡವೆ ಎಂದುಕೊಂಡಿದ್ದೆ. ನಲವತ್ತು ದಾಟಿದ ಶಾಂತವ್ವನಿಗೆ ಎಂಥ ಮೊಡವೆ?

"ನಿಮ್ಮವ್ವನ ಕೈಗೂ ಹಿಂಗ ಇದ್ದವೇನು?" ಎಂದು ಮೆಲ್ಲಗೆ ಕೇಳಿದೆ.

"ಹೌದ್ರಿ, ಅವ್ವಗೂ..." ಎಂದು ರೇಣವ್ವ ಬಾಯಿ ತೆರೆದಳು. ಶಾಂತವ್ವ ಅವಳ ತೊಡೆ ಚಿವುಟಿದಳು. ನನ್ನ ಕಡೆ ತಿರುಗಿ, "ಬೀಗರು ಕುಂತಾರ. ಸುಮ್ಮ ಬಳಿ ಇಡು" ಎಂದಳು.

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ಅಷ್ಟರಲ್ಲೇ ರೇಣವ್ವನ ಬೆನ್ನಿಗೆ ಒರಗಿ ನಿಂತಿದ್ದ ಅವಳ ಮಗಳು ಭಾಗ್ಯ ಒಮ್ಮೆಲೇ ಬಿಗಿದುಕೊಂಡಳು. ಆರು ವರ್ಷದ ಕೂಸು. ಕತ್ತು ಒಂದು ಕಡೆ ತಿರುಗಿತು, ಕಣ್ಣು ನೆಟ್ಟವು, ಬಾಯಿಂದ ಜೊಲ್ಲು ಬಂತು. ಯಾರೋ ಓಡಿಬಂದು ಅದರ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕಿದರು. ರೇಣವ್ವ ಮಾತ್ರ ಗಾಬರಿಯಾಗದೆ ಮಗಳನ್ನು ಮಗ್ಗುಲಾಗಿ ಮಲಗಿಸಿಕೊಂಡು ಕುಳಿತಳು. ಅಷ್ಟು ರೂಢಿಯಾಗಿತ್ತು ಅವಳಿಗೆ. ನನಗೆ ಅದನ್ನು ನೋಡಿಯೇ ಹೆಚ್ಚು ಸಂಕಟವಾಯಿತು.

"ದಿನಾ ಮೂರ, ನಾಕ ಸಲ ಬರತೈತ್ರಿ" ಎಂದಳು. "ಗುಳಿಗಿ ಕೊಡಸೇನಿ, ನಿಂದರವಲ್ದು. ಸಾಲ್ಯಾಗ ಬ್ಯಾರೆ ಮಕ್ಕಳು ಅಂಜತಾವು ಅಂತ ಕಳಸಬ್ಯಾಡ ಅಂದಾರ. ನಮ್ಮತ್ತಿ ಬರೂ ಅಮಾಸಿಗೆ ಹಣಿಗೆ ಬರಿ ಹಾಕಸ್ತೀನಿ ಅಂತ ಕುಂತಾಳ."

ಬರೆ ಎಂದರೆ ಕಾಯಿಸಿದ ಕಬ್ಬಿಣ. ಆ ಕೂಸಿನ ಹಣೆಗೆ.

ಕೂಸಿನ ಲಂಗ ಒದ್ದೆಯಾಗಿತ್ತು. ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಬದಲಿಸುವಾಗ ನಾನೂ ಜೊತೆಗಿದ್ದೆ. ಬೆನ್ನಿನ ಮೇಲೆ, ಸೊಂಟದ ಮೇಲೆ ಬೇವಿನ ಎಲೆಯ ಆಕಾರದ ಬಿಳಿ ಮಚ್ಚೆಗಳು. ಒಂದಲ್ಲ, ನಾಲ್ಕೈದು ಕಂಡವು. ಹುಟ್ಟಿದಾಗಿನಿಂದ ಇವೆಯಂತೆ. ಕೆಲವರು ತೊನ್ನು ಎಂದರಂತೆ, ಕೆಲವರು ಚಿಬ್ಬು ಎಂದರಂತೆ.

"ಇವನ್ನ ಡಾಕ್ಟರಿಗೆ ತೋರಿಸಿದ್ದೇನು?"

"ಫಿಟ್ಸ್ ಡಾಕ್ಟರಿಗೆ ಬೆನ್ನ ಯಾಕ ತೋರಸಲ್ರಿ?" ಎಂದಳು ರೇಣವ್ವ.

ಅವಳ ಮಾತಿನಲ್ಲಿ ತಪ್ಪೇನಿತ್ತು? ತಲೆಯ ಕಾಯಿಲೆಗೆ ಬೆನ್ನು ಬಿಚ್ಚಿ ತೋರಿಸಬೇಕೆಂದು ಯಾರಿಗೆ ಹೊಳೆಯುತ್ತದೆ? ಕೈಯನ್ನು ಕೆಸರಿಗೆ ಬಿಟ್ಟೆವು, ಮುಖವನ್ನು ಮೊಡವೆಗೆ ಬಿಟ್ಟೆವು, ಬೆನ್ನನ್ನು ಚಿಬ್ಬಿಗೆ ಬಿಟ್ಟೆವು. ಎಲ್ಲ ಒಂದೇ ಮನೆಯ ಸಂಗತಿ ಇರಬಹುದೆಂದು ನನಗೆ ಆ ಹಿತ್ತಲಿನಲ್ಲಿ ಅನುಮಾನ ಬಂತು. ಶಾಂತವ್ವನನ್ನೂ ಅಲ್ಲಿಗೆ ಕರೆದು, ಅಕ್ಕತಂಗಿ ಇಬ್ಬರನ್ನೂ ನಿಲ್ಲಿಸಿಕೊಂಡು, "ಕೂಸನ್ನ ಕರಕೊಂಡು ಕೊಪ್ಪಳಕ್ಕ ಹೋಗೂಣು ಬರ್ರಿ" ಎಂದೆ. ಶಾಂತವ್ವ ಕೆರಳಿ ಕೆಂಡವಾದಳು.

"ಮಗಳು ಏಳ ತಿಂಗಳ ಬಸರಿ ಅದಾಳ. ವಂಶದಾಗ ರೋಗ ಐತಿ ಅಂತ ಬೀಗರ ಕಿವಿಗೆ ಬಿತ್ತಂದ್ರ ಅಕಿ ಬಾಳೇನಾತು? ಬಳಿ ಇಡಾಕ ಬಂದಾಕಿ ಬಳಿ ಇಟ್ಟು ಹೋಗು. ಇನ್ನ ಮ್ಯಾಲ ನಮ್ಮ ಬಾಗಲಕ್ಕ ಬರಬ್ಯಾಡ."

ಅವಮಾನವಾಯಿತು. ಚೀಲ ಎತ್ತಿಕೊಂಡು ಹೊರಟೆ. ಆದರೆ ಬಸ್ಸಿನಲ್ಲಿ ಕುಳಿತರೆ ಆ ಕೂಸಿನ ಹಣೆಯೇ ಕಣ್ಣ ಮುಂದೆ. ಎರಡು ದಿನ ಬಿಟ್ಟು ನೇರ ರೇಣವ್ವನ ಊರಿಗೆ ಹೋಗಿ ಅವಳ ಅತ್ತೆಯ ಮುಂದೆ ಕುಳಿತೆ. ಹನುಮವ್ವ ಕೆಟ್ಟವಳಲ್ಲ, ಮೊಮ್ಮಗಳ ಮೇಲೆ ಪ್ರಾಣ. ಬರೆ ಹಾಕಿಸಿದರೆ ಗುಣವಾಗುತ್ತದೆಂದು ನಿಜಕ್ಕೂ ನಂಬಿದ್ದಳು.

"ಅಮಾಸಿ ತನಕ ಕೂಸನ್ನ ನನಗ ಬಿಡು" ಎಂದೆ. "ನಿನ್ನ ಕೈಗೆ ಇಪ್ಪತ್ತ ವರ್ಷದಿಂದ ಬಳಿ ಇಟ್ಟೇನಿ. ಒಂದ ಸಲನರ ಗಾಜು ಚುಚ್ಚಿಸೇನೇನು?"

ಹನುಮವ್ವ ತನ್ನ ಕೈಯ ಬಳೆ ತಿರುಗಿಸಿ ನೋಡಿದಳು. "ಅಮಾಸಿ ತನಕ. ಆಮ್ಯಾಲ ನಾ ಯಾರ ಮಾತೂ ಕೇಳಾಕಿ ಅಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ನಾನು, ರೇಣವ್ವ, ಭಾಗ್ಯ ಕೊಪ್ಪಳದ ಬಸ್ಸು ಹತ್ತಿದೆವು. ಹಿಟ್ನಾಳ ದಾಟುವಾಗ ಕೂಸಿಗೆ ಮತ್ತೆ ಬಂತು. ಹಿಂದಿನ ಸೀಟಿನವನು ಚಪ್ಪಲಿ ಮೂಸಿಸಿ ಎಂದು ಕೈಯಲ್ಲಿ ಹಿಡಿದುಕೊಂಡೇ ಬಂದ. ನಾನು ಅವನ ಕಡೆ ನೋಡಿದ ನೋಟಕ್ಕೆ ಅವನು ಚಪ್ಪಲಿ ಮೆಟ್ಟಿಕೊಂಡು ತನ್ನ ಸೀಟಿನಲ್ಲಿ ಕುಳಿತ.

ಕೊಪ್ಪಳದಲ್ಲಿ ಚರ್ಮದ ಡಾಕ್ಟರ ಹತ್ತಿರ ಚೀಟಿ ಮಾಡಿಸಿದೆ. ನನಗೆ ಗೊತ್ತಿದ್ದದ್ದು ಉಗುರು, ಹಾಗಾಗಿ ಉಗುರು ನೋಡುವವರ ಹತ್ತಿರ ಹೋದೆ. ಮೈಸೂರು ಕಡೆಯ ಹೆಣ್ಣುಮಗಳು, ವಯಸ್ಸು ಮೂವತ್ತರ ಆಸುಪಾಸು. ಕೂಸಿಗೆ ಫಿಟ್ಸ್ ಎಂದ ಕೂಡಲೇ, "ಫಿಟ್ಸ್‌ಗೆ ನನ್ನ ಹತ್ರ ಯಾಕಮ್ಮ ಬಂದ್ರಿ?" ಎಂದರು.

"ಮೊದಲ ಈಕಿ ಕೈ ನೋಡ್ರಿ ಮೇಡಂ" ಎಂದು ರೇಣವ್ವನ ಎರಡೂ ಕೈ ಹಿಡಿದು ಮೇಜಿನ ಮೇಲೆ ಇಟ್ಟೆ. ಗಿರಾಕಿಯ ಕೈ ಹಿಡಿದು ಮುಂದಿಡುವುದು ನನಗೆ ಹೊಸದಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ಒಂದೊಂದೇ ಬೆರಳು ನೋಡಿದರು. ಮುಖವನ್ನು ಬೆಳಕಿಗೆ ತಿರುಗಿಸಿ ಕೆನ್ನೆ ನೋಡಿದರು. ಆಮೇಲೆ ತಾವಾಗಿಯೇ, "ಮಗುವಿನ ಮೈಮೇಲೆ ಬಿಳಿ ಮಚ್ಚೆ ಇದೆಯಾ?" ಎಂದು ಕೇಳಿದರು. ನಾವು ಇನ್ನೂ ಆ ಮಾತೇ ಎತ್ತಿರಲಿಲ್ಲ! ಕಿಟಕಿ ಮುಚ್ಚಿಸಿ, ಒಂದು ನೇರಳೆ ಬಣ್ಣದ ದೀಪ ಹಿಡಿದರು. ಮಾಸಲಾಗಿ ಕಾಣುತ್ತಿದ್ದ ಮಚ್ಚೆಗಳೆಲ್ಲ ಆ ಬೆಳಕಿನಲ್ಲಿ ಎದ್ದು ಕಂಡವು. ಎಣಿಸಿದರೆ ಏಳು.

"ನಿಮ್ಮ ಕಡೆ ಬೇರೆ ಯಾರಿಗಾದರೂ ಉಗುರಲ್ಲಿ ಹೀಗಿದೆಯಾ? ಅಕ್ಕ, ಅಣ್ಣ, ತಾಯಿ?"

"ಇಲ್ರಿ" ಎಂದಳು ರೇಣವ್ವ.

"ಸರಿಯಾಗಿ ಯೋಚನೆ ಮಾಡಿ. ತುಂಬ ಮುಖ್ಯ ಇದು."

"ಇಲ್ರಿ" ಎಂದಳು ಮತ್ತೆ. ಮೂರನೇ ಸಲವೂ ಅದನ್ನೇ ಅಂದಳು, ನೆಲ ನೋಡುತ್ತ. ಅಕ್ಕನ ಮಗಳ ಬಾಳು ಕೆಡಬಾರದೆಂದು ತನ್ನ ಮಗಳ ಮುಂದೆಯೇ ಸುಳ್ಳು ಹೇಳುತ್ತಿದ್ದಳು. ಬಾಯಿ ಮುಚ್ಚಿಕೊಂಡಿರು ಎಂದು ನನಗೆ ಹುಟ್ಟಿದಾಗಿನಿಂದ ಎಲ್ಲರೂ ಹೇಳಿದ್ದಾರೆ. ಆವತ್ತು ಮೊದಲ ಸಲ ನಾನೇ ನನಗೆ ಹೇಳಿಕೊಂಡೆ. ಆದರೂ ಆಗಲಿಲ್ಲ.

"ಐತ್ರಿ ಮೇಡಂ. ಈಕಿ ಅಕ್ಕಗ ಐತಿ, ಸತ್ತ ಹೋದ ಅವ್ವಗೂ ಇತ್ತು. ಅಕ್ಕನ ಕೈ ನಾ ಹಿಡದು ನೋಡೇನಿ."

ಡಾಕ್ಟರು ನನ್ನನ್ನೇ ನೋಡಿದರು. "ನೀವು ಇವರಿಗೆ ಏನಾಗಬೇಕು?"

"ಏನೂ ಆಗಬೇಕಿಲ್ರಿ. ಬಳಿ ಇಡತೇನಿ."

ಆ ಡಾಕ್ಟರು ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. "ಪುಸ್ತಕದಲ್ಲಿ ಓದಿದ್ದೆ, ಒಬ್ಬರ ಮನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ನೋಡಿದ್ದು ಇದೇ ಮೊದಲು" ಎಂದರು. ನನ್ನ ಜನ್ಮದಲ್ಲಿ ಯಾವ ಡಾಕ್ಟರೂ ನನ್ನ ಕೈ ಹಾಗೆ ಹಿಡಿದಿರಲಿಲ್ಲ.

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಕಾಯಿಲೆಯ ಹೆಸರು ಟ್ಯೂಬರಸ್ ಸ್ಕ್ಲೆರೋಸಿಸ್. ವಂಶದಲ್ಲಿ ಹರಿದು ಬರುವಂಥದ್ದು, ಬಹಳ ಅಪರೂಪ. ಮೈಯಲ್ಲಿ ಅಲ್ಲಲ್ಲಿ ಗಂಟು ಬೆಳೆಯುತ್ತವೆ. ಕ್ಯಾನ್ಸರ್ ಗಂಟಲ್ಲ, ಆದರೆ ಎಲ್ಲಿ ಬೆಳೆದಿವೆ ಎಂಬುದು ಮುಖ್ಯ. ಉಗುರಿನಲ್ಲಿದ್ದರೆ ಕುತ್ತಿಲ್ಲ. ಮೆದುಳಿನಲ್ಲಿದ್ದರೆ ಫಿಟ್ಸ್ ಬರುತ್ತದೆ. ಕಿಡ್ನಿಯಲ್ಲಿ ದೊಡ್ಡದಾದರೆ ಒಳಗೇ ರಕ್ತ ಸೋರಿ ಜೀವಕ್ಕೆ ಅಪಾಯ. ಒಂದೇ ಮನೆಯಲ್ಲಿ ಒಬ್ಬರಿಗೆ ಕಡಿಮೆ, ಒಬ್ಬರಿಗೆ ಹೆಚ್ಚು. ಮುಟ್ಟಿದರೆ ಅಂಟುವುದಿಲ್ಲ.

"ಹಂಗಾರ ಇದು ಯಾರ ಶಾಪನೂ ಅಲ್ಲೇನ್ರಿ?" ಎಂದು ರೇಣವ್ವ ಕೇಳಿದಳು.

"ಅಲ್ಲ."

"ನನ್ನಿಂದ ಬಂತೇನ್ರಿ ಕೂಸಿಗೆ?"

"ನಿಮ್ಮ ಕಣ್ಣು, ನಿಮ್ಮ ಮೂಗು ಹೇಗೆ ಬಂತೋ ಹಾಗೆ ಬಂದಿದೆ. ನೀವು ಬೇಕಂತ ಕೊಟ್ಟಿದ್ದಲ್ಲ ತಾಯಿ. ಈಗ ಹೆಸರು ಗೊತ್ತಾಯ್ತಲ್ಲ, ಇನ್ನು ಸರಿಯಾದ ಔಷಧ ಕೊಡಬಹುದು."

ರೇಣವ್ವ ಅಲ್ಲೇ ಅತ್ತಳು. ಆರು ವರ್ಷದಿಂದ ಅವಳು ಹರಕೆ ಹೊರದ ದೇವರಿಲ್ಲ, ಕೇಳದ ಬೈಗುಳವಿಲ್ಲ. ನನಗೆ ಮಾತ್ರ ಅಳು ಬರಲಿಲ್ಲ, ಕುಣಿಯಬೇಕು ಅನ್ನಿಸಿತು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಆ ಕಾಯಿಲೆಯ ಹೆಸರನ್ನು ಬಾಯಿಪಾಠ ಮಾಡಿದೆ. ವೈರಿಯ ಹೆಸರು ಬಾಯಲ್ಲಿರಬೇಕಲ್ಲ!

ಆ ಡಾಕ್ಟರೇ ಫೋನ್ ಮಾಡಿ ಹುಬ್ಬಳ್ಳಿಯಲ್ಲಿ ನರದ ಡಾಕ್ಟರಿಗೆ ಹೇಳಿದರು. ತಲೆಯ ಸ್ಕ್ಯಾನಿನಲ್ಲಿ ಸಣ್ಣ ಗಂಟುಗಳು ಕಂಡವು. ಹಳೆಯ ಗುಳಿಗೆ ಮೆಲ್ಲಗೆ ಬಿಡಿಸಿ, ಈ ಕಾಯಿಲೆಯ ಫಿಟ್ಸ್‌ಗೆ ಹೊಂದುವ ಬೇರೆ ಗುಳಿಗೆ ಶುರು ಮಾಡಿದರು. ಹನುಮವ್ವ ದಿನವೂ ಬೆರಳು ಮಡಚಿ ಎಣಿಸುತ್ತಿದ್ದಳಂತೆ. ನಾಲ್ಕಿದ್ದದ್ದು ಎರಡಾಯಿತು. ಅಮಾವಾಸ್ಯೆಯ ದಿನ ಒಂದೂ ಬರಲಿಲ್ಲ. ಆವತ್ತು ಅವಳೇ ಫೋನ್ ಮಾಡಿದಳು. "ಮಾಬೂಬಿ, ಇವತ್ತ ಬೆರಳ ಮಡಚಲೇ ಇಲ್ಲ ನೋಡು" ಎಂದು ಹೇಳಿ ಫೋನ್ ಇಟ್ಟುಬಿಟ್ಟಳು. ಬರೆಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಆದರೆ ನನ್ನ ಕೆಲಸ ಮುಗಿದಿರಲಿಲ್ಲ. ರೇಣವ್ವನ ಕಿಡ್ನಿ ನೋಡಿದಾಗ ಸಣ್ಣ ಗಂಟು ಇದ್ದವು, ವರ್ಷಕ್ಕೊಮ್ಮೆ ನೋಡಿಸಿದರೆ ಸಾಕು ಎಂದರು. "ಅಕ್ಕನನ್ನು ಮಾತ್ರ ತಡಮಾಡದೆ ಕರೆದುಕೊಂಡು ಬನ್ನಿ" ಎಂದು ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ಬಾಗಿಲಿಗೆ ಬರಬೇಡ ಎಂದ ಮನೆಗೆ ಹೇಗೆ ಹೋಗುವುದು? ಹೋದೆ. ಬಳೆ ಚೀಲ ಒಯ್ಯಲಿಲ್ಲ.

ಶಾಂತವ್ವ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಯೂ ತಲೆ ಎತ್ತಲಿಲ್ಲ. "ನನಗೇನಾಗಿಲ್ಲ" ಎಂದಳು.

"ಶಾಂತವ್ವಾ, ನಿನ್ನ ತಂಗಿ ಡಾಕ್ಟರ ಮುಂದ ಮೂರ ಸಲ ಸುಳ್ಳು ಹೇಳ್ಯಾಳ. ಯಾರಿಗೂ ಇಲ್ಲ ಅಂತ. ತನ್ನ ಕೂಸು ತೊಡಿ ಮ್ಯಾಲ ಇತ್ತು. ನಿನ್ನ ಮಾನದ ಸಲವಾಗಿ ಹೇಳ್ಯಾಳ. ಬಾಯಿ ಬಿಟ್ಟಾಕಿ ನಾನು. ಬೈಯೂದಿದ್ದರ ನನಗ ಬೈ, ಆದರ ಅಕಿ ಸಲವಾಗಿ ಒಂದ ಸಲ ಬಾ."

ಯಂತ್ರ ನಿಂತಿತು. ಅವಳು ಎದ್ದು ಒಳಗೆ ಹೋದಳು. ಸಿಟ್ಟಾದಳೆಂದು ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದೆ. ಹಿಂದಿನಿಂದ ಅವಳ ದನಿ ಕೇಳಿತು. "ಎರಡ ತಿಂಗಳಿಂದ ಬಲಗಡೆ ಪಕ್ಕಿ ನೋಯಾಕ ಹತ್ತೇತಿ ಮಾಬೂಬಿ. ಒಂದೆರಡ ಸಲ ಮೂತ್ರ ಕೆಂಪಗ ಹೋತು. ಯಾರಿಗೂ ಹೇಳಿಲ್ಲ. ಮಗಳ ಹೆರಿಗಿ ಮುಗೀಲಿ ಅಂತ ಸುಮ್ಮನಿದ್ದೆ."

ಸ್ಕ್ಯಾನಿನಲ್ಲಿ ಬಲ ಕಿಡ್ನಿಯಲ್ಲಿ ಮೋಸಂಬಿಯಷ್ಟು ದೊಡ್ಡ ಗಂಟು ಕಂಡಿತು. ರಕ್ತ ಜಿನುಗಲು ಶುರುವಾಗಿತ್ತು. ಒಡೆದಿದ್ದರೆ ಹಳ್ಳಿಯಿಂದ ಆಸ್ಪತ್ರೆ ಮುಟ್ಟುವುದೇ ಕಷ್ಟವಿತ್ತು ಎಂದರು. ಹುಬ್ಬಳ್ಳಿಗೆ ಗಾಡಿ ಓಡಿಸಿದವನು ಯಾರೆಂದುಕೊಂಡಿರಿ? ಯಾವ ಬೀಗರ ಕಿವಿಗೆ ಬೀಳಬಾರದೆಂದು ಇಷ್ಟೆಲ್ಲ ಮುಚ್ಚಿಟ್ಟಿದ್ದಳೋ, ಆ ಬೀಗರ ಮಗ, ಅವಳ ಅಳಿಯ. "ಅತ್ತಿ, ಮೊದಲ ಯಾಕ ಹೇಳಲಿಲ್ಲ ನೀವು?" ಎಂದು ದಾರಿಯುದ್ದಕ್ಕೂ ಬೈದನಂತೆ. ಹೊಟ್ಟೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ಗಂಟಿಗೆ ಹೋಗುವ ರಕ್ತ ಬಂದ್ ಮಾಡಿದರು. ಐದನೇ ದಿನ ಶಾಂತವ್ವ ಮನೆಗೆ ಬಂದಳು. ಅವಳ ಮಗಳನ್ನೂ ಡಾಕ್ಟರು ಪರೀಕ್ಷಿಸಿದರು. ಅವಳಲ್ಲಿ ಕಾಯಿಲೆಯ ಯಾವ ಗುರುತೂ ಸಿಗಲಿಲ್ಲ. ಹೆಣ್ಣು ಕೂಸು ಹುಟ್ಟಿತು, ಗುಂಡು ಗುಂಡಾಗಿದೆ.

ಭಾಗ್ಯಳಿಗೆ ಫಿಟ್ಸ್ ಬರದೆ ವರ್ಷದ ಮೇಲಾಯಿತು. ಗುಳಿಗೆ ತಪ್ಪಿಸುವಂತಿಲ್ಲ, ತಪಾಸಣೆಗೆ ಹೋಗುತ್ತಲೇ ಇರಬೇಕು. ಕಾಯಿಲೆ ಹೋಗಿಲ್ಲ, ಕಟ್ಟಿಹಾಕಿದ್ದೇವೆ. ಕೊಪ್ಪಳದ ಡಾಕ್ಟರು ಬರೆದುಕೊಟ್ಟ ಕಾಗದ ಹಿಡಿದು ಹನುಮವ್ವನೇ ಶಾಲೆಗೆ ಹೋಗಿ, "ಅಂಟೂ ರೋಗ ಅಲ್ಲ, ಓದ್ಕೋರಿ" ಎಂದು ಮಾಸ್ತರರ ಮುಂದೆ ಹಿಡಿದಳಂತೆ. ಈಗ ಎರಡನೇ ಇಯತ್ತೆ. ಅಕ್ಷರ ತುಸು ನಿಧಾನ, ಆಟದಲ್ಲಿ ಮಾತ್ರ ಯಾರಿಗೂ ಸೋಲುವವಳಲ್ಲ.

ನಾನು ಔಷಧ ಹೇಳುವ ಚಟ ಬಿಟ್ಟೆ. ಬದಲಿಗೆ ಕೊಪ್ಪಳಕ್ಕೆ ಕಳಿಸುವ ಚಟ ಹಿಡಿದಿದೆ. ಕಳಿಸಿದವರಲ್ಲಿ ಹೆಚ್ಚಿನವರದು ನಿಜವಾಗಿಯೂ ಕೆಸರಿನ ಹುಣ್ಣೇ. ಡಾಕ್ಟರು ನಗುತ್ತಾರೆ, ಆದರೂ ಕಳಿಸ್ತಾ ಇರಿ ಎನ್ನುತ್ತಾರೆ.

ಹೋದ ಪಂಚಮಿ ಹಬ್ಬಕ್ಕೆ ಮಂಗಳೂರಿಗೆ ಹೋಗಿದ್ದೆ. ಶಾಂತವ್ವನ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಕೂಡಿದ್ದರು. ಅವಳ ಬೀಗತಿಯೂ ಇದ್ದಳು. ಬಳೆ ತೊಡಿಸಿದ ಮೇಲೂ ಶಾಂತವ್ವ ಏಳಲಿಲ್ಲ. ಹತ್ತೂ ಬೆರಳು ಅಗಲಿಸಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನೋಡ್ರೆವ್ವಾ. ಈ ಉಗರು ಮುಚ್ಚಿಟ್ಟು ನಾ ಸಾಯಾಕ ಹೋಗಿದ್ದೆ. ನಿಮ್ಮ ಪೈಕಿ ಯಾರಿಗರ ಹಿಂಗ ಇದ್ದರ ಹೇಳ್ರಿ. ನಾಚಬ್ಯಾಡ್ರಿ."

ಹಿಂದಿನ ಸಾಲಿನಲ್ಲಿ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ ಕುಳಿತಿದ್ದಳು. ಅವಳು ಸೆರಗಿನೊಳಗಿನಿಂದ ಬಲಗೈ ಹೊರಗೆ ತೆಗೆದು, ಹತ್ತಿರ ಹೋದ ನನ್ನ ಅಂಗೈಯಲ್ಲಿ ಇಟ್ಟಳು. ಒಂದು ಬೆರಳಿನ ತುದಿಯಲ್ಲಿ ಗಂಟು. ಶಾಂತವ್ವ ಎದ್ದು ಹೋಗಿ ಅವಳ ಪಕ್ಕದಲ್ಲಿ ಕುಳಿತು, "ನಾಳೆ ಕೊಪ್ಪಳಕ್ಕ ನಾನೂ ನಿನ್ನ ಕೂಡ ಬರತೇನಿ, ಅಂಜಬ್ಯಾಡ" ಎಂದಳು.

ಅದು ಬರೀ ನರಹುಲಿ, ಶಾಂತವ್ವನ ಕಾಯಿಲೆಯ ಗಂಟಲ್ಲ ಎಂದು ಮಾರನೆಯ ದಿನ ಗೊತ್ತಾಯಿತು. ಎಲ್ಲರೂ ನಕ್ಕೆವು. ಆದರೆ ಆ ಹುಡುಗಿ ಸೆರಗಿನಿಂದ ಕೈ ತೆಗೆದು ನನ್ನ ಅಂಗೈಯಲ್ಲಿ ಇಟ್ಟಾಗ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಆದರೂ ಆ ಕೈ ಹಿಂದಕ್ಕೆ ಸರಿಯಲಿಲ್ಲ. ಕೊಪ್ಪಳದಲ್ಲಿ ಬರದ ಅಳು ನನಗೆ ಆವತ್ತು ಆ ಅಂಗಳದಲ್ಲಿ, ಇಪ್ಪತ್ತು ಹೆಂಗಸರ ಮುಂದೆ, ಬಂತು.